ಗೆರೆಯಾಚೆಯ ಮಂಕು ಚುಕ್ಕೆಗಳು

ಜನವರಿ 9

ಅಕ್ಕ,

ನಾನು ಕ್ಷೇಮ ಎಂದು ಶುರು ಮಾಡಿದರೆ ಮೊದಲ ಸಾಲಿನಲ್ಲೇ ಸುಳ್ಳು ಹೇಳಿದಂತಾಗುತ್ತದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ಪ್ರಶ್ನೆ ಕೇಳುವಷ್ಟರಲ್ಲಿ ನಾನು ಕಟಕಟೆಯಲ್ಲಿ ನಿಂತಿರುತ್ತೇನೆ. ಚಿಕ್ಕಂದಿನಿಂದ ಅದೇ ಹಣೆಬರಹ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವವರೆಗೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಹೋದ ವರ್ಷ ಮೂಳೆಯೊಳಗಿನ ಮಜ್ಜೆಗೆ ಕ್ಯಾನ್ಸರ್ ಎಂದು ತಿಳಿದಾಗ ನಿನಗೆ ಬರೆದಿದ್ದೆನಲ್ಲ, ಅಂದಿನಿಂದ ಔಷಧಿ ನಡೆದೇ ಇದೆ. ಬೆನ್ನು ಪರವಾಗಿಲ್ಲ. ಶಾಲೆಗೆ ಹೋಗುತ್ತೇನೆ, ಆದರೆ ಓಡುವ ಹಾಗಿಲ್ಲ, ಬಗ್ಗುವ ಹಾಗಿಲ್ಲ. ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಸೀಟಿ ಊದುತ್ತೇನೆ. ಹುಡುಗರು ನನಗೆ ಕುರ್ಚಿ ಮೇಷ್ಟ್ರು ಎಂದು ಹೆಸರಿಟ್ಟಿದ್ದಾರೆ. ಡ್ರಿಲ್ ಮೇಷ್ಟ್ರ ಪಾಲಿಗೆ ಇದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ.

ಈಗ ವಿಷಯ. ಇಲ್ಲಿನ ಡಾಕ್ಟರು ಮೊನ್ನೆ ಮಜ್ಜೆ ತೆಗೆದು ಗಾಜಿನ ಮೇಲೆ ಹಚ್ಚಿ ನೋಡಿದರು. "ಕೆಟ್ಟ ಕಣ ಇನ್ನೂ ಸ್ವಲ್ಪ ಇವೆ ಅನ್ನಿಸ್ತಿದೆ, ಆದ್ರೆ ಖಾತ್ರಿಯಾಗಿ ಹೇಳೋಕಾಗಲ್ಲ. ಬಣ್ಣ ಹಾಕಿ ಲೇಸರ್‌ನಲ್ಲಿ ನೋಡೋ ಮೆಷಿನ್ ಇರೋ ಕಡೆ ತೋರಿಸೋಣ" ಎಂದರು. ಇದ್ದರೆ ಔಷಧಿ ಮುಂದುವರಿಸಬೇಕು. ಇಲ್ಲದಿದ್ದರೆ ನಿಲ್ಲಿಸಬಹುದು. ನಿಲ್ಲಿಸಬಹುದು ಎಂಬ ಮಾತು ಕೇಳಿದ್ದೇ ನನ್ನವಳು ಒಳಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. ನಲ್ಲಿ ತಿರುಗಿಸಿದರೆ ಅಳು ಕೇಳಿಸುವುದಿಲ್ಲ ಎಂದುಕೊಂಡಿದ್ದಾಳೆ, ಪಾಪ.

ಆ ಮೆಷಿನ್ನಿನ ಮುಂದೆ ಜೀವಮಾನ ಕಳೆದವಳು ನೀನು. ಬೇರೆ ಯಾರೋ ನೋಡಿ ಹೇಳಿದರೆ ನನಗೆ ನಿದ್ದೆ ಬರುವುದಿಲ್ಲ. ನೀನೇ ನೋಡುತ್ತೀಯಾ?

ನಿನ್ನ ತಮ್ಮ

---

ಜನವರಿ 17

ಸೀಟಿ,

ನೋಡದೆ ಇರುತ್ತೇನೆಯೇ? ಕೇಳುವ ರೀತಿ ನೋಡು, ಪಕ್ಕದ ಮನೆಯವರ ಹತ್ತಿರ ಏಣಿ ಕೇಳಿದ ಹಾಗೆ.

ಇಷ್ಟು ವರ್ಷ ನನ್ನ ಕೆಲಸ ಏನೆಂದು ನೀನು ಕೇಳಿದವನಲ್ಲ. ಈಗ ನಿನ್ನ ಮೂಳೆಯ ಮಾತು ಬಂತು, ಕೇಳಿಸಿಕೋ. ಮಜ್ಜೆಯಲ್ಲಿ ಹತ್ತಾರು ಜಾತಿಯ ಕಣಗಳು ಒಟ್ಟಿಗೆ ಇರುತ್ತವೆ. ಒಂದೊಂದರ ಮೈಮೇಲೂ ಅದರದೇ ಗುರುತುಗಳಿವೆ. ಒಂದು ಗುರುತನ್ನೇ ಹುಡುಕಿಕೊಂಡು ಹೋಗಿ ಅಂಟಿಕೊಳ್ಳುವ ಪ್ರತಿಕಾಯಗಳು ಸಿಗುತ್ತವೆ, ಅವುಗಳ ಬೆನ್ನಿಗೆ ಹೊಳೆಯುವ ಬಣ್ಣ ಕಟ್ಟಿ ಮಜ್ಜೆಯೊಳಗೆ ಬಿಡುತ್ತೇವೆ. ಆಮೇಲೆ ಕಣಗಳನ್ನು ಒಂದರ ಹಿಂದೆ ಒಂದರಂತೆ ಲೇಸರ್ ಮುಂದೆ ಓಡಿಸುತ್ತೇವೆ. ಯಾವುದು ಯಾವ ಬಣ್ಣದಲ್ಲಿ ಹೊಳೆಯಿತೋ ಅದರಂತೆ ಪರದೆಯ ಮೇಲೆ ಒಂದೊಂದು ಚುಕ್ಕೆ ಬೀಳುತ್ತದೆ. ಚುಕ್ಕೆಗಳು ಗುಂಪುಗುಂಪಾಗಿ ಕೂರುತ್ತವೆ. ನಮಗೆ ಬೇಕಾದ ಗುಂಪಿನ ಸುತ್ತ ಗೆರೆ ಎಳೆದು ಎಣಿಸುತ್ತೇವೆ. ನೀನು ಹುಡುಗರಿಗೆ ಬಣ್ಣದ ಬನಿಯನ್ ತೊಡಿಸಿ ಮೈದಾನಕ್ಕೆ ಬಿಡುತ್ತೀಯಲ್ಲ, ಅಷ್ಟೇ. ನಂಬರ್ ಕೂಡ ಇದೆ. ನಿನ್ನ ಕಾಯಿಲೆಯ ಕಣಗಳನ್ನು ಹಿಡಿಯಲು ಮುಖ್ಯವಾಗಿ ಎರಡು ಗುರುತು ನೋಡುತ್ತೇವೆ, ಮೂವತ್ತೆಂಟು ಮತ್ತು ನೂರ ಮೂವತ್ತೆಂಟು. ಸೋಂಕಿನಿಂದ ಮೈ ಕಾಯಬೇಕಾದ ಬಿಳಿ ಕಣಗಳೇ ಅವು, ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಒಂದು ಪ್ರಶ್ನೆ. ನಿನಗೆ ಮಾತ್ರೆ ಮಾತ್ರ ಕೊಡುತ್ತಿದ್ದಾರೋ, ಡ್ರಿಪ್ಪಿನಲ್ಲಿ ಬೇರೆ ಏನಾದರೂ ಹೊಸ ಔಷಧಿ ಹಾಕುತ್ತಿದ್ದಾರೋ? ಸುಮ್ಮನೆ ಕೇಳುತ್ತಿಲ್ಲ. ಕಾರಣ ಬರೆಯುತ್ತ ಕೂತರೆ ಇನ್ನೆರಡು ಹಾಳೆ ಬೇಕು, ನನ್ನ ಕತ್ತಲೆ ಕೋಣೆಯ ಹೊರಗೆ ಟ್ಯೂಬುಗಳು ಸಾಲುಗಟ್ಟಿವೆ. ಉತ್ತರ ಮಾತ್ರ ಸರಿಯಾಗಿ ಬರೆ.

ಇನ್ನೊಂದು. ನಿನ್ನ ಡಾಕ್ಟರು ಯಾರು ಎಂದು ನೀನು ಬರೆಯಲಿಲ್ಲ. ನಿನ್ನ ಹಳೆಯ ಭಾವ ಈಗ ನಿಮ್ಮೂರಿನ ದೊಡ್ಡ ಆಸ್ಪತ್ರೆಯಲ್ಲಿ ಇದ್ದಾನೆಂದು ಕೇಳಿದೆ. ಬೇರೆ ಯಾರ ಹತ್ತಿರ ಬೇಕಾದರೂ ಹೋಗು, ಅವನ ಹತ್ತಿರ ಬೇಡ. ಅವನೊಂದಿಗೆ ಸಂಸಾರ ಮಾಡಿದವಳು ನಾನು. ಬೀಗ ಹಾಕಿದೆ ಎಂದರೆ ಎದ್ದು ಹೋಗಿ ಎಳೆದು ನೋಡುತ್ತಿದ್ದ. ಗ್ಯಾಸ್ ಆರಿಸಿದೆ ಎಂದರೆ ಬಗ್ಗಿ ನೋಡುತ್ತಿದ್ದ. ನಾನು ನೋಡಿ ಸಹಿ ಹಾಕಿದ ರಿಪೋರ್ಟನ್ನು ಇನ್ನೊಂದು ಲ್ಯಾಬಿಗೆ ಕಳಿಸಿ ತಾಳೆ ನೋಡಿದ ಮನುಷ್ಯ. ಒಂದು ದಿನಕ್ಕೂ ನನ್ನ ಮಾತಿನ ಮೇಲೆ ನಂಬಿಕೆ ಇಡಲಿಲ್ಲ. ಅದಕ್ಕೇ ಬಿಟ್ಟು ಬಂದೆ, ಬೇರೆ ಜಗಳ ಏನೂ ಇರಲಿಲ್ಲ. ಅವನ ಬಾಗಿಲು ತುಳಿದೆ ಎಂದು ತಿಳಿದರೆ ನನಗೆ ತಮ್ಮನೇ ಇಲ್ಲ ಎಂದುಕೊಳ್ಳುತ್ತೇನೆ. ತಮಾಷೆಗೆ ಬರೆದದ್ದಲ್ಲ.

ಟ್ಯೂಬನ್ನು ಥರ್ಮಾಸಿನಲ್ಲಿಟ್ಟು ಕಳಿಸು. ಐಸಿಗೆ ತಾಗಬಾರದು. ತಡ ಮಾಡಬೇಡ.

ಅಕ್ಕ

---

ಜನವರಿ 28

ಅಕ್ಕ,

ಟ್ಯೂಬು ಇವತ್ತು ಹೊರಡುತ್ತಿದೆ. ನಿನ್ನೆಯೇ ಹೊರಡಬೇಕಿತ್ತು, ಕೊರಿಯರ್ ಆಫೀಸಿನವನು ಥರ್ಮಾಸ್ ನೋಡಿ ಒಳಗೆ ಏನಿದೆ ಎಂದ. ನನ್ನ ಮಜ್ಜೆ ಎಂದೆ. ಮುಖ ಕಿವುಚಿಕೊಂಡು, ಮ್ಯಾನೇಜರ್ ಬರಲಿ ಎಂದು ಕೂರಿಸಿಬಿಟ್ಟ. ಈ ಕಾಗದ ಬೇಗ ಸಿಗಲಿ ಎಂದು ಅದರ ಜೊತೆಗೇ ಇಟ್ಟಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ: ಬರೀ ಮಾತ್ರೆ. ಡ್ರಿಪ್ಪು ಗಿಪ್ಪು ಏನೂ ಇಲ್ಲ. ಡಾಕ್ಟರು ವಯಸ್ಸಾದವರು, ನಿನಗೆ ಗೊತ್ತಿರುವವರಲ್ಲ.

ಟ್ಯೂಬಿನ ಮೇಲೆ ನಾನೇ ಹೆಸರು ಬರೆದಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಬೈಯಬೇಡ, ಸೂಜಿ ಚುಚ್ಚಿಸಿಕೊಂಡು ಬಂದ ಮೇಲೆ ಬರೆದದ್ದು.

ಮುಂದಿನ ತಿಂಗಳಿಂದ ಶಾಲೆಗಳ ನಡುವಿನ ಪಂದ್ಯಗಳಿಗೆ ತಯಾರಿ. ಕುರ್ಚಿಯಿಂದ ಏಳಲು ನನಗೆ ನಿನ್ನ ಒಂದು ಮಾತು ಸಾಕು.

ತಮ್ಮ

---

ಫೆಬ್ರವರಿ 6

ಸೀಟಿ ಮೇಷ್ಟ್ರೇ,

ಕುರ್ಚಿ ಎತ್ತಿ ಒಳಗಿಡಿ.

ನಿನ್ನ ಮಜ್ಜೆಯಲ್ಲಿ ಏನೂ ಇಲ್ಲ. ನಾನೇ ಬಣ್ಣ ಹಾಕಿದೆ, ನಾನೇ ಓಡಿಸಿದೆ, ನಾನೇ ನೋಡಿದೆ. ಕೆಟ್ಟ ಕಣಗಳು ಕೂರಬೇಕಾದ ಜಾಗ ಖಾಲಿ, ಗುಡಿಸಿಟ್ಟ ಹಾಗೆ. ಇಷ್ಟು ಚೊಕ್ಕಟವಾದ ಮಜ್ಜೆಯನ್ನು ನಾನು ಇತ್ತೀಚೆಗೆ ನೋಡಿಲ್ಲ.

ಟ್ಯೂಬು ದಾರಿಯಲ್ಲಿ ತಡವಾಗಿ ಬಂತು, ಆ ಕೊರಿಯರಿನವನನ್ನು ನನ್ನ ಮುಂದೆ ತಂದು ನಿಲ್ಲಿಸು. ತಡವಾದರೆ ನೂರ ಮೂವತ್ತೆಂಟು ಕಣದ ಮೈಯಿಂದ ಉದುರಿಹೋಗುತ್ತದೆ, ಅದಕ್ಕೇ ನಾನು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಮೂವತ್ತೆಂಟು ಹಾಗೆ ಉದುರುವ ಜಾತಿಯಲ್ಲ. ಇದ್ದರೆ ಎದ್ದು ಕಾಣುತ್ತದೆ. ಕಾಣಲಿಲ್ಲ. ಕೆಳಗಿನ ಮೂಲೆಯಲ್ಲಿ ಒಂದಿಷ್ಟು ಮಂಕು ಚುಕ್ಕೆಗಳ ಗುಂಪಿತ್ತು, ಅವು ಪ್ರಯಾಣದಲ್ಲಿ ಸತ್ತ ಕಣಗಳು. ಗೆರೆಯ ಆಚೆ ಬಿಟ್ಟೆ.

ಇದು ಮನೆಯ ಕೆಲಸವಾದ್ದರಿಂದ ದೊಡ್ಡ ಮೇಡಂಗೆ ತೋರಿಸಲಿಲ್ಲ. ಲ್ಯಾಬಿನಿಂದ ಹೊರಹೋಗುವ ಪ್ರತಿ ರಿಪೋರ್ಟನ್ನೂ ಅವರು ಎರಡನೇ ಸಲ ನೋಡಬೇಕೆಂಬ ನಿಯಮ ಇದೆ. ನನ್ನ ತಮ್ಮನ ಮಜ್ಜೆಗೆ ನನ್ನ ಕಣ್ಣು ಸಾಕು. ಆದ್ದರಿಂದ ರಿಪೋರ್ಟೆಂದು ಏನೂ ಇಲ್ಲ, ಈ ಕಾಗದವೇ ರಿಪೋರ್ಟು.

ನಿನ್ನ ವಯಸ್ಸಾದ ಡಾಕ್ಟರಿಗೆ ಹೇಳು, ಗಾಜು ನೋಡುವ ಮೊದಲು ಕನ್ನಡಕದ ನಂಬರ್ ಬದಲಾಯಿಸಿಕೊಳ್ಳಲಿ. ಇಲ್ಲದ್ದನ್ನು ಇದೆ ಎನ್ನುವುದೂ ಒಂದು ಕಾಯಿಲೆ.

ನಿನ್ನವಳಿಗೆ ನಲ್ಲಿ ನಿಲ್ಲಿಸಲು ಹೇಳು. ನೀರು ದಂಡ.

ಅಕ್ಕ

---

ಫೆಬ್ರವರಿ 19

ಅಕ್ಕ,

ನಿನ್ನ ಕಾಗದವನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೇನೆ. ಮಡಿಕೆ ಹರಿಯುವಷ್ಟಾಗಿದೆ.

ಡಾಕ್ಟರಿಗೆ ಓದಿ ಹೇಳಿದೆ, ಕನ್ನಡಕದ ಮಾತು ಬಿಟ್ಟು. ಏನೇನೋ ಕೇಳಿದರು, ನನಗೆ ಅರ್ಥವಾಗುವ ವಿಷಯವಲ್ಲ. ಕೊನೆಗೆ "ಸರಿ, ನಿಲ್ಲಿಸೋಣ" ಎಂದರು.

ನಿಲ್ಲಿಸಿಯೇ ಬಿಟ್ಟೆವು. ಮೊನ್ನೆ ಮೈದಾನದ ಸುತ್ತ ಒಂದು ಸುತ್ತು ನಡೆದೆ. ಎರಡನೇ ಸುತ್ತು ಓಡಿದೆ, ಓಡಿದೆ ಎಂದರೆ ಹುಡುಗರು ನಕ್ಕರು, ಆದರೂ ಅದು ಓಟವೇ. ಕುರ್ಚಿಯನ್ನು ಅವರೇ ಎತ್ತಿಕೊಂಡು ಹೋಗಿ ಸ್ಟೋರ್ ರೂಮಿನಲ್ಲಿ ಹರಿದ ಬಲೆಗಳ ಕೆಳಗೆ ಹಾಕಿಬಂದರು. ಮೈದಾನದ ತುಂಬ ಚಪ್ಪಾಳೆ.

ನಿನಗೆ ಏನು ಕೊಡಲಿ ಅಕ್ಕ? ಥ್ಯಾಂಕ್ಸ್ ಎಂದರೆ ಬೈಯುತ್ತೀಯ.

ತಮ್ಮ

---

ಮಾರ್ಚ್ 12

ಸೀಟಿ,

ಥ್ಯಾಂಕ್ಸ್ ಬೇಡ, ಪಂದ್ಯ ಗೆದ್ದು ಬಾ.

ನನ್ನ ಕೋಣೆಗೆ ಕಿಟಕಿ ಇಲ್ಲ. ಬಣ್ಣಗಳು ಬೆಳಕಿಗೆ ಕೆಡುತ್ತವೆ, ಅದಕ್ಕೇ ಕತ್ತಲು. ಬೆಳಿಗ್ಗೆ ಒಳಗೆ ಬಂದರೆ ಹೊರಗೆ ಮೋಡವೋ ಬಿಸಿಲೋ ತಿಳಿಯುವುದಿಲ್ಲ. ಇಡೀ ದಿನ ಗೊತ್ತಿಲ್ಲದವರ ರಕ್ತ, ಗೊತ್ತಿಲ್ಲದವರ ಮಜ್ಜೆ. ಮೇಲೆ ಒಂದು ನಂಬರ್, ಅಷ್ಟೇ. ಅವರು ಬದುಕಿದರೋ ಹೋದರೋ ನನಗೆ ಯಾರೂ ಬಂದು ಹೇಳುವುದಿಲ್ಲ. ನನ್ನ ಕೆಲಸದಿಂದ ಒಬ್ಬ ಮನುಷ್ಯ ಎದ್ದು ಓಡಿದ ಎಂದು ನನಗೆ ಕಾಗದ ಬಂದದ್ದು ಇದೇ ಮೊದಲು. ಅದೂ ನೀನು. ಸಂತೋಷವಾಗಿದೆ, ಬರೆಯಲು ನಾಚಿಕೆಯಿಲ್ಲ.

ಆ ಮಹಾನುಭಾವನಿಗೆ ಇದು ತಿಳಿಯಬೇಕಿತ್ತು ಎಂದು ಒಂದೊಂದು ಸಲ ಅನ್ನಿಸುತ್ತದೆ. ಬಿಡು. ಅವನಾಗಿದ್ದರೆ ನಿನ್ನನ್ನು ಇನ್ನೊಂದು ಲ್ಯಾಬಿಗೆ ಓಡಿಸುತ್ತಿದ್ದ. ನಿನ್ನ ಮುದುಕ ಡಾಕ್ಟರೇ ವಾಸಿ, ಹೇಳಿದ್ದನ್ನು ಕೇಳಿದರು.

ಅಕ್ಕ

---

ಜುಲೈ 22

ಅಕ್ಕ,

ಬಹಳ ದಿನ ಬರೆಯಲಿಲ್ಲ, ಕೋಪ ಬೇಡ. ನೀನು ಬರೆದ ಎರಡು ಕಾಗದವೂ ಸಿಕ್ಕಿದವು. ಪಂದ್ಯ ಸೋತೆವು, ಅದನ್ನು ಬರೆಯಲು ಏನಿದೆ?

ಬಲಗೈಯಲ್ಲಿ ಬರೆಯಲಾಗುತ್ತಿಲ್ಲ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಹುಡುಗನೊಬ್ಬನಿಗೆ ಚೆಂಡು ಎಸೆಯುವುದು ಹೇಗೆಂದು ತೋರಿಸುತ್ತಿದ್ದೆ. ಎಸೆದೆ. ಭುಜದ ಹತ್ತಿರ ಮೂಳೆ ಮುರಿಯಿತು. ಬೀಳಲಿಲ್ಲ, ಏನೂ ತಾಗಲಿಲ್ಲ, ಎಸೆದೆ ಅಷ್ಟೇ. ಸದ್ದು ಹುಡುಗರಿಗೂ ಕೇಳಿಸಿತು.

ಒಂದು ವಿಷಯ ಕೇಳಬೇಕು. ನೀನು ನೋಡುವ ಗುರುತು ಮುಚ್ಚಿಹೋಗುವುದು ಎಂದು ಏನಾದರೂ ಇದೆಯಾ? ಕಣ ಇದ್ದೂ ಗುರುತು ಕಾಣದ ಹಾಗೆ? ಸುಮ್ಮನೆ ಕೇಳಿದೆ.

ತಮ್ಮ

---

ಜುಲೈ 27

ಸುಮ್ಮನೆ ಕೇಳುವ ಪ್ರಶ್ನೆಯಲ್ಲ ಅದು. ಡ್ರಿಲ್ ಮೇಷ್ಟ್ರಿಗೆ ತಾನಾಗಿ ಹೊಳೆಯುವ ಪ್ರಶ್ನೆಯೂ ಅಲ್ಲ. ಯಾರು ಹೇಳಿಕೊಟ್ಟರು? ಯಾವ ಔಷಧಿ ಹಾಕಿದ್ದರು? ಹೆಸರು ಬರೆ.

ಇದೆ. ನಿನ್ನ ಕಾಯಿಲೆಗೆ ಈಗ ಒಂದು ಔಷಧಿ ಇದೆ, ಡ್ರಿಪ್ಪಿನಲ್ಲಿ ಕೊಡುತ್ತಾರೆ. ಅದೂ ಒಂದು ಪ್ರತಿಕಾಯವೇ, ಬಣ್ಣ ಕಟ್ಟಿರುವುದಿಲ್ಲ ಅಷ್ಟೇ. ಅದು ಹೋಗಿ ಕೂರುವುದು ಮೂವತ್ತೆಂಟರ ಮೇಲೇ. ಅದು ಕೂತ ಮೇಲೆ ನನ್ನ ಬಣ್ಣದ ಪ್ರತಿಕಾಯಕ್ಕೆ ಕೂರಲು ಜಾಗವಿಲ್ಲ. ಬನಿಯನ್ ಮೇಲೆ ಸ್ವೆಟರ್ ಹಾಕಿಕೊಂಡ ಹುಡುಗನ ನಂಬರ್ ಓದಲಾಗುತ್ತದೆಯೇ? ಹುಡುಗ ಮೈದಾನದಲ್ಲೇ ಇರುತ್ತಾನೆ. ಆ ಔಷಧಿ ಹಾಕಿದೆ ಎಂದು ಮೊದಲೇ ಗೊತ್ತಿದ್ದರೆ ಮೂವತ್ತೆಂಟನ್ನು ಬಿಟ್ಟು ಬೇರೆ ಗುರುತುಗಳಿಂದ ಹಿಡಿಯುತ್ತೇವೆ. ಗೊತ್ತಿದ್ದರೆ.

ಅದಕ್ಕೇ ಜನವರಿಯಲ್ಲಿ ಕೇಳಿದ್ದೆ. ಬರೀ ಮಾತ್ರೆ ಎಂದು ಬರೆದಿದ್ದೀಯ, ಕಾಗದ ನನ್ನ ಮುಂದೆಯೇ ಇದೆ.

ಫೋನ್ ಮಾಡಿದೆ. ನೀನು ಎತ್ತಲಿಲ್ಲ. ನಿನ್ನವಳು ಎತ್ತಿ, "ಅವ್ರು ಮಲಗಿದಾರೆ, ಬರೀತಾರಂತೆ" ಎಂದಳು. ಹಿಂದೆ ನಲ್ಲಿಯ ಸದ್ದು ಕೇಳುತ್ತಿತ್ತು.

ಬರೆ.

---

ಆಗಸ್ಟ್ 10

ಅಕ್ಕ,

ಬರೆಯುತ್ತಿದ್ದೇನೆ. ಎಡಗೈ, ನಿಧಾನ.

ಡ್ರಿಪ್ಪು ಹಾಕಿದ್ದರು. ನೀನು ಹೇಳಿದ್ದೇ ಔಷಧಿ. ಹಾಕಿದ್ದು ಭಾವ. ವಯಸ್ಸಾದ ಡಾಕ್ಟರು ಎಂದು ಯಾರೂ ಇಲ್ಲ.

ಹೋದ ವರ್ಷ ಬೆನ್ನು ಹಿಡಿದು ಆಸ್ಪತ್ರೆಗೆ ಹೋದಾಗ ಅವರದೇ ಸರದಿ ಇತ್ತು. ನನ್ನನ್ನು ನೋಡಿದರು, ಹೆಸರು ನೋಡಿದರು, ಎದ್ದು ಬಂದು ಬಾಗಿಲು ಹಾಕಿದರು. "ಬೇರೆ ಡಾಕ್ಟರ್ ಹತ್ರ ಕಳಿಸ್ಲಾ?" ಎಂದು ಅವರೇ ಕೇಳಿದರು. ನಾನು ಬೇಡ ಎಂದೆ. ನೋವಿನಲ್ಲಿ ಇದ್ದೆ ಅಕ್ಕ, ಗುರುತಿನ ಮುಖ ಒಂದು ಕಂಡಿತು, ಅಷ್ಟೇ ಸಾಕಾಯಿತು. ಆಮೇಲೆ ನಿನಗೆ ಹೇಳುವುದು ಹೇಗೆ? ನಿನ್ನ ಜನವರಿಯ ಕಾಗದ ಬಂದ ಮೇಲಂತೂ ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಡ್ರಿಪ್ಪು ಎಂದರೆ ಯಾವುದು ಎನ್ನುತ್ತೀಯ, ಯಾವುದು ಎಂದರೆ ಯಾರು ಕೊಟ್ಟರು ಎನ್ನುತ್ತೀಯ. ನಿನ್ನ ಪ್ರಶ್ನೆಗಳು ಹೇಗೆ ಬರುತ್ತವೆಂದು ನನಗೆ ಗೊತ್ತು. ಅದಕ್ಕೇ ಮೊದಲನೆಯದಕ್ಕೇ ಬೀಗ ಹಾಕಿದೆ. ಅದರಿಂದ ಏನಾಗುತ್ತದೆಂದು ಗೊತ್ತಿರಲಿಲ್ಲ. ನೀನು ಕಾರಣ ಬರೆದಿರಲಿಲ್ಲ.

ಅವರು ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಿಲ್ಲ. ಒಂದು ಸಲ ಮಾತ್ರ, "ನಿಮ್ಮಕ್ಕ ಈಗ್ಲೂ ಕನ್ನಡಕ ತಲೆ ಮೇಲೆ ಇಟ್ಕೊಂಡು ಮನೆಯೆಲ್ಲಾ ಹುಡುಕ್ತಾಳಾ?" ಎಂದರು.

ಈಗ ಮಜ್ಜೆ ತುಂಬ ಕೆಟ್ಟ ಕಣಗಳು. ಗಾಜಿನ ಮೇಲೆ ನನಗೂ ತೋರಿಸಿದರು. ನೋಡಲು ಕಲಿತವನಲ್ಲ, ನನಗೂ ಕಂಡವು. ನಿಲ್ಲಿಸಿದ ತಿಂಗಳುಗಳಲ್ಲಿ ಬೆಳೆದವಂತೆ.

ತಮ್ಮ

---

ಆಗಸ್ಟ್ 16

ನಿನಗೆ ನಾನು ಏನು ಕಡಿಮೆ ಮಾಡಿದ್ದೆ?

ಆ ಒಂದು ಬಾಗಿಲು ಬೇಡ ಎಂದೆ. ಊರಿನಲ್ಲಿ ಬೇರೆ ಡಾಕ್ಟರು ಇರಲಿಲ್ಲವೇ? ನಿನಗೆ ಗುರುತಿನ ಮುಖ ಬೇಕಿತ್ತು, ಸರಿ, ಅದನ್ನು ಮುಚ್ಚಿಡಲು ನನಗೆ ಸುಳ್ಳು ಬೇಕಿತ್ತೇ? ನಿನ್ನ ಸುಳ್ಳಿನ ಮೇಲೆ ನಾನು ಗೆರೆ ಎಳೆದೆ. ಮಾಡಿದ್ದುಣ್ಣೋ ಮಹಾರಾಯ ಎಂದು ಬರೆದು ಮುಗಿಸಬೇಕೆಂದು ಕೂತಿದ್ದೆ. ಆಗಲಿಲ್ಲ.

ನಿನ್ನ ಮಜ್ಜೆಯ ಚುಕ್ಕೆಗಳು ಮೆಷಿನ್ನಿನ ಕಂಪ್ಯೂಟರಿನಲ್ಲಿ ಹಾಗೇ ಇವೆ. ತೆರೆದೆ. ಹಳೆಯ ಗೆರೆ ಅಳಿಸಿದೆ, ಅಂದು ಜೊತೆಗೆ ಬಣ್ಣ ಹಾಕಿದ್ದ ಬೇರೆ ಗುರುತುಗಳಿಂದ ಹುಡುಕಿದೆ. ಸತ್ತವು ಎಂದಿದ್ದೆನಲ್ಲ, ಕೆಳಗಿನ ಮೂಲೆಯ ಆ ಮಂಕು ಗುಂಪು. ಅವೇ. ಎಲ್ಲ ಅಲ್ಲೇ ಕೂತಿದ್ದವು. ಸತ್ತ ಕಣಗಳನ್ನು ತಿಳಿಯಲು ಬೇರೆಯೇ ಬಣ್ಣ ಇದೆ, ಲ್ಯಾಬಿನ ಟ್ಯೂಬುಗಳಿಗೆಲ್ಲ ಹಾಕುತ್ತೇನೆ. ನಿನ್ನದಕ್ಕೆ ಹಾಕಲಿಲ್ಲ, ಮನೆಯ ಕೆಲಸಕ್ಕೆ ಲ್ಯಾಬಿನ ಬಣ್ಣ ಎಷ್ಟು ಬಳಸುವುದು ಎಂದು ಮುಜುಗರವಾಯಿತು. ಇನ್ನೂ ಒಂದಿದೆ. ಆರೋಗ್ಯವಾಗಿರುವವನ ಮಜ್ಜೆಯಲ್ಲೂ ಆ ಜಾತಿಯ ಒಳ್ಳೆಯ ಕಣಗಳು ಕೆಲವಾದರೂ ಇರಬೇಕು. ಜಾಗ ಖಾಲಿ ಎಂದು ಕುಣಿದೆನಲ್ಲ, ಅಷ್ಟು ಖಾಲಿ ಇರುವುದೇ ತಪ್ಪು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಇದನ್ನೇ ನಾನು ಮೊದಲು ಹೇಳಿಕೊಡುವುದು. ದೊಡ್ಡ ಮೇಡಂ ಒಂದು ಸಲ ನೋಡಿದ್ದರೆ ಕೇಳುತ್ತಿದ್ದರು. ನಿನ್ನ ಮಜ್ಜೆ ಚೆನ್ನಾಗಿರಲಿ ಎಂದು ನನಗೆ ಆಸೆಯಿತ್ತು. ಆಸೆ ಗೆರೆ ಎಳೆಯಿತು, ನಾನು ಸಹಿ ಹಾಕಿದೆ.

ಈಗ ಒಂದು ಕೇಳುತ್ತೇನೆ, ಇಲ್ಲ ಎನ್ನಬೇಡ. ಅವನಿಗೆ ನನ್ನ ವಿಷಯ ಹೇಳಬೇಡ. ಬೇರೆ ಯಾವುದೋ ಲ್ಯಾಬಿನಲ್ಲಿ ನೋಡಿಸಿದ್ದೆ, ಅವರು ತಪ್ಪು ಮಾಡಿದರು ಎನ್ನು. ನಿನ್ನ ಸ್ಥಿತಿಯಲ್ಲಿ ಇದನ್ನು ಕೇಳಬಾರದು, ನನಗೆ ಗೊತ್ತು. ಆದರೆ ಹದಿನಾಲ್ಕು ವರ್ಷ ಅವನು ಎಳೆದು ನೋಡಿದ್ದೆಲ್ಲ ಸರಿಯಿತ್ತು ಎಂದು ಅವನು ಅಂದುಕೊಳ್ಳುವುದನ್ನು ನಾನು ತಾಳಲಾರೆ.

ಹೊಸ ಔಷಧಿಗಳು ಇವೆ. ಬೇಗ ಶುರು ಮಾಡಲು ಹೇಳು.

ಅಕ್ಕ

---

ಸೆಪ್ಟೆಂಬರ್ 3

ಅಕ್ಕ,

ನೀನು ಕೇಳಿದ್ದು ಆಗುವುದಿಲ್ಲ. ಅವರಿಗೆ ಮೊದಲಿನಿಂದಲೂ ಗೊತ್ತು.

ಡಾಕ್ಟರು ಮೆಷಿನ್ ಇರುವ ಕಡೆ ತೋರಿಸೋಣ ಎಂದರೆಂದು ಬರೆದಿದ್ದೆನಲ್ಲ, ಅರ್ಧ ಮಾತ್ರ ಬರೆದಿದ್ದೆ. ಅವರು ಹೇಳಿದ್ದು, "ನಿಮ್ಮಕ್ಕನಿಗೇ ಕಳ್ಸು. ಅವಳಷ್ಟು ಚೆನ್ನಾಗಿ ನೋಡೋರು ನಂಗೊತ್ತಿಲ್ಲ." ಟ್ಯೂಬನ್ನು ಥರ್ಮಾಸಿನಲ್ಲಿ ಇಟ್ಟವರು ಅವರೇ. ಐಸಿಗೆ ತಾಗದ ಹಾಗೆ ಬಟ್ಟೆ ಸುತ್ತಿ, "ಇದು ತಾಗಿದ್ರೆ ಅವಳು ಕೂಗಾಡ್ತಾಳೆ" ಎಂದು ನಕ್ಕರು.

ಟ್ಯೂಬಿನ ಮೇಲೆ ಒಂದು ಚೀಟಿ ಅಂಟಿಸಿದ್ದರು, ಅವರ ಕೈಬರಹದಲ್ಲಿ. ನನ್ನ ಹೆಸರು, ತಾರೀಕು. ಕೆಳಗೆ ದಪ್ಪಕ್ಷರದಲ್ಲಿ ಔಷಧಿಯ ಹೆಸರು. ಅದರ ಕೆಳಗೆ ಎರಡು ಗೆರೆ.

ಕೊರಿಯರ್ ಆಫೀಸಿನಲ್ಲಿ ಮ್ಯಾನೇಜರಿಗೆ ಕಾಯುತ್ತ ಕೂತಿದ್ದೆನಲ್ಲ, ಆಗ ಅದನ್ನೇ ನೋಡುತ್ತಿದ್ದೆ. ಅವರ ಅಕ್ಷರ ಕಂಡರೆ ಗುರುತು ಹಿಡಿಯಲು ನಿನಗೆ ಒಂದು ಕ್ಷಣ ಸಾಕು. ಅಲ್ಲಿನ ನಲ್ಲಿಯಲ್ಲಿ ನೆನೆಸಿ, ಉಗುರಿನಿಂದ ಕೆರೆದು ಕಿತ್ತೆ. ನನ್ನ ಕೈಯಿಂದ ಬೇರೆ ಚೀಟಿ ಬರೆದೆ. ಔಷಧಿಯ ಹೆಸರು ಬರೆಯಲಿಲ್ಲ. ಬರೆದರೆ ಡ್ರಿಪ್ಪಿನ ವಿಷಯ ಹೊರಗೆ ಬರುತ್ತಿತ್ತು.

ಫೆಬ್ರವರಿಯಲ್ಲಿ ನಿನ್ನ ಕಾಗದ ಓದಿ ಹೇಳಿದಾಗ ಏನೇನೋ ಕೇಳಿದರು ಎಂದು ಬರೆದಿದ್ದೆ, ನಿಜಕ್ಕೂ ಅವರು ಕೇಳಿದ್ದು ಒಂದೇ ಪ್ರಶ್ನೆ. "ಚೀಟಿ ಅವಳು ನೋಡಿದ್ಲು ತಾನೆ?" ನೋಡಿದಳು ಎಂದೆ. ಅವರ ಮುಂದೆ ಅವರದೇ ಗಾಜು ಇತ್ತು. ಮತ್ತೆ ಒಂದು ಸಲ ಬಗ್ಗಿ ನೋಡಿದರು. "ನಂಗೆ ಇವೆ ಅನ್ನಿಸ್ತಿದೆ ಕಣೋ. ಇನ್ನೊಂದು ಕಡೆ ಕಳ್ಸೋಣ ಅಂತಲೂ ಇತ್ತು" ಎಂದರು. ಆಮೇಲೆ ದೀಪ ಆರಿಸಿದರು. "ಬೇಡ. ಒಂದ್ಸಲ ಹಾಗೆ ಮಾಡಿ ಕಳ್ಕೊಂಡಿದೀನಿ. ನನ್ ಕಣ್ಣು ತಪ್ಪಿರಬಹುದು, ಅವಳದು ತಪ್ಪಲ್ಲ. ನಿಲ್ಲಿಸೋಣ."

ಇಷ್ಟೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಿಮಗೆ ಕೂಸು ಇರಲಿಲ್ಲ, ನಾನಿದ್ದೆ.

ಹೊಸ ಔಷಧಿ ಶುರು ಮಾಡಿದ್ದಾರೆ. ಇದು ಹಿಡಿಯದಿದ್ದರೆ ಮುಂದೆ ಕೊಡಲು ಬೇರೆ ಇಲ್ಲವಂತೆ. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಮುಂದಿನ ತಿಂಗಳು ಮತ್ತೆ ಮಜ್ಜೆ ತೆಗೆಯುತ್ತಾರೆ. ಯಾರಿಗೆ ಕಳಿಸಲಿ ಎಂದು ನನ್ನನ್ನು ಕೇಳಿದರು.

ಹುಡುಗರು ಸ್ಟೋರ್ ರೂಮಿನಿಂದ ಕುರ್ಚಿ ತಂದು ಒರೆಸಿ ಇಟ್ಟಿದ್ದಾರೆ. ಯಾರೂ ನಗುವುದಿಲ್ಲ, ಅದೇ ಕಷ್ಟ.

ತಮ್ಮ

---

ಸೆಪ್ಟೆಂಬರ್ 9

ತಮ್ಮಾ,

ಟ್ಯೂಬನ್ನು ಬೇರೆ ಕಡೆ ಕಳಿಸು. ಎರಡು ಕಡೆ ಕಳಿಸು, ಎರಡನ್ನೂ ತಾಳೆ ನೋಡಲು ಹೇಳು. ಚೀಟಿಯ ಮೇಲೆ ಅವರೇ ಬರೆಯಲಿ, ನೀನು ಮುಟ್ಟಬೇಡ. ದೊಡ್ಡ ಮೇಡಂಗೆ ಎಲ್ಲ ಹೇಳಿದ್ದೇನೆ. ಸದ್ಯಕ್ಕೆ ನನಗೆ ಮೆಷಿನ್ ಕೊಟ್ಟಿಲ್ಲ. ಕಿಟಕಿ ಇರುವ ಕೋಣೆಯಲ್ಲಿ ಕೂತಿದ್ದೇನೆ, ಬೆಳಕು ಕಣ್ಣಿಗೆ ಚುಚ್ಚುತ್ತದೆ.

ನಿನ್ನ ಮೇಲೆ ಕೋಪ ಹೋಗಿಲ್ಲ. ಹೋಗುವವರೆಗೆ ನೀನು ಇರಬೇಕು, ಅಷ್ಟು ಮಾಡು.

ನಿನ್ನ ಭಾವನಿಗೆ ನಾನು ಬರೆಯಬೇಕು. ಮೂರು ಸಲ ಕೂತೆ, ಹಾಳೆಯ ಮೇಲೆ ಏನೂ ಬರಲಿಲ್ಲ. ಆದ್ದರಿಂದ ನೀನೇ ಕೇಳು. ಡ್ರಿಪ್ಪು ಹಾಕಿ ಪಕ್ಕದಲ್ಲಿ ಕೂತಿರುತ್ತಾರಲ್ಲ, ಆಗ ಕೇಳು. ಹದಿನಾಲ್ಕು ವರ್ಷ ನಾನು ಹಾಕಿದ ಬೀಗವನ್ನೆಲ್ಲ ಎದ್ದು ಹೋಗಿ ಎಳೆದು ನೋಡಿದರಲ್ಲ, ಈ ಒಂದು ಸಲ ಯಾಕೆ ನೋಡಲಿಲ್ಲ ಎಂದು ಕೇಳು.

ಅಕ್ಕ